ಹೈಸ್ಕೂಲು ಮಕ್ಕಳಿಗೆ ಕೋಲಾಟ, ಅಜ್ಜಿಯರ ಸೋಬಾನೆ ಪದದ ರೆಕಾರ್ಡಿಂಗ್: ಎಲ್ಲಿಂದ ಶುರು ಮಾಡೋದು?

ಅರಸೀಕೆರೆ ಟೀಚರ್

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಎಂಟು, ಒಂಬತ್ತನೇ ಕ್ಲಾಸಿನ 16 ಮಕ್ಕಳು ಕೋಲಾಟ ಕಲೀತೀವಿ ಅಂತ ಮುಂದೆ ಬಂದಿದ್ದಾರೆ. ವಾರಕ್ಕೆ ಎರಡು ಪೀರಿಯಡ್ಡು ಸಿಗುತ್ತೆ, ತಲಾ 40 ನಿಮಿಷ. ಊರಲ್ಲಿದ್ದ ಕೋಲಾಟದ ತಂಡ ನಿಂತುಹೋಗಿದೆ. ಹಳಬರಲ್ಲಿ ಇಬ್ಬರು ಹೇಳಿಕೊಡೋಕೆ ಒಪ್ಪಿದ್ದಾರೆ, ಆದರೆ ಮಂಡಿ ನೋವು. ಕೂತು ಪದ ಹೇಳಬಲ್ಲರು, ಕೋಲು ಹೊಡೆದು ತೋರಿಸಬಲ್ಲರು, ಕುಣಿಯೋಕಾಗಲ್ಲ.

ಇದರ ಜೊತೆಗೆ ಸೋಬಾನೆ ಹೇಳೋ ನಾಲ್ವರು ಅಜ್ಜಿಯರಿದ್ದಾರೆ. ಅವರ ಪದಗಳನ್ನ ಮಕ್ಕಳ ಕೈಲೇ ರೆಕಾರ್ಡ್ ಮಾಡಿಸಿ ಬರೆಸಬೇಕು ಅಂತಿದೆ. ಕೈಯಲ್ಲಿರೋದು ಒಂದು ಸಾಧಾರಣ ಫೋನು, ಶಾಲೆಯ ಹಳೇ ಕಂಪ್ಯೂಟರ್ರು, ಅಷ್ಟೇ.

ಕೇಳಬೇಕಾಗಿರೋದು ಇಷ್ಟು. ಕೋಲು ಯಾವ ಮರದ್ದು, ಎಷ್ಟುದ್ದ? ಅಂಗಡೀಲಿ ಸಿಗೋ ಬಣ್ಣದ ದಾಂಡಿಯಾ ಕೋಲು ಆಗುತ್ತಾ? ಮೊದಲು ಹೆಜ್ಜೆ ಕಲಿಸೋದೋ ಪದವೋ? ಜಡೆ ಕೋಲಾಟ, ಅಂದ್ರೆ ಮೇಲಿಂದ ಇಳಿಬಿಟ್ಟ ಹಗ್ಗಗಳನ್ನ ಕುಣೀತಾ ಜಡೆಯಂಗೆ ಹೆಣೆಯೋದು, ಈ ವರ್ಷವೇ ಮಾಡಿಸಬಹುದಾ? ರೆಕಾರ್ಡಿಂಗ್ ಹೇಗೆ ಮಾಡಿದರೆ ಮುಂದೆ ಉಪಯೋಗಕ್ಕೆ ಬರುತ್ತೆ? ದೊಡ್ಡ ದೊಡ್ಡ ಮಾತು ಬೇಡ, ಮಾಡೋ ಕ್ರಮ ಗೊತ್ತಿರೋರು ತಿಳಿಸಿ.

ಕೋಲು ಜೋಡಿ

ಟೀಚರ್, ಕುಣಿಯೋಕಾಗದ ಗುರುಗಳು ಸಿಕ್ಕಿದ್ದು ಒಳ್ಳೇದೇ ಆಯ್ತು. ಕುಣಿಯೋರು ಸಿಕ್ಕಿದ್ರೆ ಮಕ್ಕಳು ಅವರ ಕಾಲು ನೋಡಿ ಮೊದಲ ದಿನವೇ ಸುತ್ತು ತಿರುಗೋಕೆ ಶುರು ಮಾಡ್ತಿದ್ರು. ಕೋಲಾಟ ಕೆಡೋದು ಅಲ್ಲೇ. ಪದ ಬಾಯಿಗೆ ಬರೋ ಮುಂಚೆ ಕೈಗೆ ಕೋಲು ಕೊಟ್ರೆ ಮಕ್ಕಳು ಮನಸ್ಸಲ್ಲಿ ಒಂದು ಎರಡು ಮೂರು ಅಂತ ಎಣಿಸ್ತಾ ಆಡ್ತಾರೆ. ಎಣಿಸೋ ಬಾಯಿ ಹಾಡಲ್ಲ. ಆಮೇಲೆ ಹಾಡೋಕೆ ಮೈಕ್ ಮುಂದೆ ಬೇರೆ ಇಬ್ಬರನ್ನ ನಿಲ್ಲಿಸಬೇಕಾಗುತ್ತೆ, ಕೊನೆಗೆ ಪೆನ್‌ಡ್ರೈವ್ ಹಾಡು ಬರುತ್ತೆ.

ಮೊದಲ ಮೂರು ವಾರ ಕೋಲು ಮುಟ್ಟಿಸಬೇಡಿ. ಹಿರಿಯರಿಬ್ಬರನ್ನ ಎದುರು ಕೂರಿಸಿ. ಒಬ್ಬರು ಸೊಲ್ಲು (ಪದದ ಸಾಲು) ಹೇಳಲಿ, ಇನ್ನೊಬ್ಬರ ಜೊತೆ ಮಕ್ಕಳು ಅದೇ ಸೊಲ್ಲನ್ನ ವಾಪಸ್ ಹೇಳಲಿ. ಪುಸ್ತಕ ನೋಡಿ ಹೇಳೋದು ಬೇಡ. ಪದ ಬರೆದುಕೊಂಡ ಮಗು ಕಣ್ಣಲ್ಲಿ ಕಲಿಯುತ್ತೆ, ಸುತ್ತಿನಲ್ಲಿ ತಿರುಗುವಾಗ ಸಾಲು ಮರೀತದೆ. ಎರಡು ಪದ ಸಾಕು, ಒಂದು ನಿಧಾನದ್ದು, ಒಂದು ಚುರುಕಿನದು. ಬಾಯಿಗೆ ಬಂದ ಮೇಲೆ ಹೇಳ್ತಾ ಹೇಳ್ತಾ ಚಪ್ಪಾಳೆ, ಆಮೇಲೆ ನಿಂತಲ್ಲೇ ಕಾಲು ಹಾಕೋದು. ನಾಲ್ಕನೇ ವಾರಕ್ಕೆ ಕೋಲು.

ಕೋಲಿಗೆ ಬಗನಿ, ಕಗ್ಗಲಿ ಒಳ್ಳೇದು ಅಂತ ಹಳಬರು ಹೇಳೋದು ಸರಿಯೇ, ಗಟ್ಟಿಯಾಗಿ ನಾದ ಬರುತ್ತೆ. ಅದು ಸಿಗದಿದ್ರೆ ಸೀಬೆ ಕೊಂಬೆ ಆಗುತ್ತೆ. ಬೇಲೂರು, ಸಕಲೇಶಪುರ, ಮೂಡಿಗೆರೆ ಕಡೆ ಪರಿಚಯದೋರಿದ್ರೆ, ತೋಟದಲ್ಲಿ ಹಳೇ ಕಾಫಿ ಗಿಡ ಕಿತ್ತಾಗ ಕಾಂಡ ಕೇಳಿ ತರಿಸಿ. ಕಾಫಿ ಕಟ್ಟಿಗೆಯ ಎಳೆಗಳು ಒತ್ತಾಗಿರ್ತವೆ, ಸಿಬಿರು ಏಳಲ್ಲ. ನೀಲಗಿರಿ ಬೇಡ, ಒಣಗುವಾಗ ಸೀಳುತ್ತೆ. ಸಿಲ್ವರ್ ಓಕ್ ಹಗುರ, ಪೆಟ್ಟಿಗೆ ಮುರಿಯುತ್ತೆ, ನಾದವೂ ಇಲ್ಲ. ಬಿದಿರು ಸೀಳಿ ಕೈಗೆ ಚುಚ್ಚುತ್ತೆ.

ಈ ವಯಸ್ಸಿನ ಮಕ್ಕಳಿಗೆ 14ರಿಂದ 16 ಇಂಚು ಉದ್ದ, ಹೆಬ್ಬೆರಳು ಗಾತ್ರ, ಅಂದ್ರೆ ಮುಕ್ಕಾಲರಿಂದ ಒಂದು ಇಂಚು ದಪ್ಪ. 16 ಮಕ್ಕಳಿಗೆ 32 ಕೋಲು, ಆದ್ರೆ ಒಟ್ಟು 40 ಮಾಡಿಸಿ. ಹಸಿ ಕೊಂಬೆ ಕಡಿದ ಕೂಡಲೇ ಸಿಪ್ಪೆ ತೆಗೆದು ಬಿಸಿಲಿಗಿಟ್ರೆ ತುದಿ ಬಿರಿಯುತ್ತೆ. ಬೇಕಾದ್ದಕ್ಕಿಂತ ಎರಡು ಇಂಚು ಉದ್ದ ಬಿಟ್ಟು ಕತ್ತರಿಸಿ, ನೆರಳಲ್ಲಿ ಮೂರು ನಾಲ್ಕು ವಾರ ಒಣಗಿಸಿ, ಬಿರಿದ ತುದಿ ಕತ್ತರಿಸಿ ಹಾಕಿ. ತುದಿ ಗುಂಡಗೆ ಉಜ್ಜಿ, ಸ್ಯಾಂಡ್ ಪೇಪರ್ ಹಾಕಿ, ಹರಳೆಣ್ಣೆ ತೆಳ್ಳಗೆ ಸವರಿ ಎರಡು ದಿನ ಬಿಡಿ. ವಾರ್ನಿಷ್ ಬೇಡ. ಬೆವರಿಗೆ ಜಾರುತ್ತೆ, ಪೆಟ್ಟು ಬಿದ್ದಲ್ಲಿ ಚಕ್ಕೆ ಏಳುತ್ತೆ.

ಜೋಡಿ ಮಾಡೋದು ಕಿವಿಯಿಂದ. ಒಂದು ಕೋಲನ್ನ ಸಡಿಲಾಗಿ ಹಿಡಿದು ಇನ್ನೊಂದರಿಂದ ತಟ್ಟಿ ನೋಡಿ. ಒಂದೇ ಥರ ನುಡಿಯೋ ಎರಡನ್ನ ದಾರ ಕಟ್ಟಿ ಒಬ್ಬರಿಗೆ ಕೊಡಿ. ‘ಡಬ್’ ಅಂತ ಸತ್ತ ಸದ್ದು ಬಂದ್ರೆ ಒಳಗೆ ಹಸಿ ಇದೆ, ಇಲ್ಲ ಕಣ್ಣಿಗೆ ಕಾಣದ ಬಿರುಕಿದೆ. ಗೆಜ್ಜೆ ಬೇಕು ಅಂದ್ರೆ ಕೋಲಿಗೆ ತೂತು ಹೊಡೀಬೇಡಿ, ಅಲ್ಲೇ ಮುರಿಯೋದು. ಕಾಲಿಗೆ ಕಟ್ಟಿಸಿ.

ದಾಂಡಿಯಾ ಕೋಲು ಯಾಕೆ ಬೇಡ ಅಂದ್ರೆ ಅದು ಹಗುರ, ಬಣ್ಣ ಮೆತ್ತಿರ್ತದೆ, ಪೆಟ್ಟು ‘ಟಿಕ್’ ಅನ್ನುತ್ತೆ. ಕೋಲಾಟದಲ್ಲಿ 16 ಜನರ ಪೆಟ್ಟೇ ತಾಳ. ಆ ಸದ್ದು ಮೈದಾನದಲ್ಲಿ ಸಾಲಲ್ಲ.

ಹಿಡಿಯೋದು ಬುಡದಿಂದ ನಾಲ್ಕು ಬೆರಳು ಮೇಲೆ. ಪೆಟ್ಟು ಬೀಳಬೇಕಾದ್ದು ಮೇಲಿನ ಮೂರನೇ ಒಂದು ಭಾಗದಲ್ಲಿ, ಎರಡು ಕೋಲು ಕತ್ತರಿ ಆಕಾರದಲ್ಲಿ ಸೇರಬೇಕು. ತುದಿಗೆ ತುದಿ ತಾಕಿಸೋಕೆ ಹೋದ್ರೆ ಜಾರಿ ಎದುರಿನವರ ಬೆರಳ ಗೆಣ್ಣಿಗೆ ಬೀಳುತ್ತೆ. ಎತ್ತರ ಎದೆ ಮಟ್ಟ, ಗದ್ದಕ್ಕಿಂತ ಮೇಲೆ ಕೋಲು ಏಳಕೂಡದು. ಮಣಿಕಟ್ಟು ಆಡಬೇಕು, ಮೊಳಕೈ ಅಲ್ಲ. ಹೊರಸುತ್ತಿನವರು ಹೊಡೆಯೋರು, ಒಳಸುತ್ತಿನವರು ಕೋಲು ಅಡ್ಡ ಕೊಡೋರು ಅಂತ ಮೊದಲೇ ಗೊತ್ತು ಮಾಡಿ. ಇಬ್ಬರೂ ಬೀಸಿದ್ರೆ ಒಂದು ವಾರದಲ್ಲಿ ಯಾರಾದ್ರೂ ಬೆರಳಿಗೆ ಬಟ್ಟೆ ಸುತ್ಕೊಂಡು ಬರ್ತಾರೆ.

ಮೊದಲ ಪಾಠ ನಾಲ್ಕು ಪೆಟ್ಟಿನದು. ತನ್ನ ಕೋಲಿಗೆ ತಾನು, ಎದುರಿನವರ ಬಲಕ್ಕೆ ಬಲ, ಮತ್ತೆ ತನ್ನದಕ್ಕೆ ತಾನು, ಎದುರಿನವರ ಎಡಕ್ಕೆ ಎಡ. ನಿಂತು, ಆಮೇಲೆ ಕಾಲು ಹಾಕಿ, ಆಮೇಲೆ ಸುತ್ತಿನಲ್ಲಿ. ಸುಣ್ಣದಲ್ಲಿ ಹತ್ತು ಹನ್ನೊಂದು ಅಡಿ ಅಡ್ಡಳತೆಯ ಒಂದು ಸುತ್ತು ಗೆರೆ ಹಾಕಿ, ಎಂಟು ಜೋಡಿಗೆ ಸರಿಹೋಗುತ್ತೆ. ಗೆರೆಯ ಒಳಗೆ ಎಂಟು, ಹೊರಗೆ ಎಂಟು, ಎದುರು ಬದುರು. ನಾಲ್ಕು ಪೆಟ್ಟು ಮುಗಿದ ಕೂಡಲೇ ಹೊರಸುತ್ತಿನವರು ಮಾತ್ರ ಬಲಕ್ಕೆ ಒಂದು ಜಾಗ ಸರಿಯಲಿ. ಎಂಟು ಸರಿದರೆ ಮೊದಲಿನ ಜೋಡಿ ಎದುರಿಗೆ ಬರಬೇಕು. ಬರಲಿಲ್ಲ ಅಂದ್ರೆ ಯಾರೋ ಎಡವಿದ್ದಾರೆ ಅಂತ ಅರ್ಥ, ನೀವು ಕೂಗಿ ಹೇಳಬೇಕಾಗಿಲ್ಲ, ಮಕ್ಕಳಿಗೇ ಗೊತ್ತಾಗುತ್ತೆ. ಎರಡೂ ಸುತ್ತು ಎದುರು ದಿಕ್ಕಿಗೆ ಒಂದೊಂದು ಜಾಗ ಸರಿದರೆ ನಾಲ್ಕಕ್ಕೇ ಜೋಡಿ ಸಿಗುತ್ತೆ. ಅದನ್ನ ಎರಡನೇ ತಿಂಗಳಿಗೆ ಇಟ್ಕೊಳ್ಳಿ.

ವೇಗ ತಾನಾಗೇ ಏರುತ್ತೆ, ಇದು ಎಲ್ಲಾ ತಂಡಕ್ಕೂ ಇರೋ ರೋಗ. ತಾಳ ಹಿಡಿಯೋ ಕೆಲಸ ಆ ಹಿರಿಯರಿಗೇ ಕೊಡಿ, ತಾಳಕ್ಕೆ ಕೋಲು ಹೊಂದಬೇಕೇ ಹೊರತು ತಾಳ ಕೋಲಿನ ಹಿಂದೆ ಓಡಬಾರದು. ಮಕ್ಕಳು ಪದ ಹೇಳ್ತಾನೇ ಇದ್ರೆ ಉಸಿರು ವೇಗಕ್ಕೆ ಕಡಿವಾಣ ಹಾಕುತ್ತೆ. ಬಾಯಿ ಮುಚ್ಚಿ ಆಡೋ ತಂಡ ಮಾತ್ರ ಹುಚ್ಚು ಓಟ ಓಡೋದು.

ಜಡೆ ಕೋಲಾಟ ಈಗ ಬೇಡ. ಸುತ್ತಿನ ನಡೆ ಪಕ್ಕಾ ಆಗಲಿ.

ದಾಖಲೆ ಪೆಟ್ಟಿಗೆ

ರೆಕಾರ್ಡಿಂಗ್ ಬಗ್ಗೆ ಬರೆಯುತ್ತೇನೆ. ಫೋನು ಸಾಕು, ಹೊಸದೇನೂ ಕೊಳ್ಳಬೇಡಿ. ಫೋನಿನ ಜೊತೆ ಬರುವ ರೆಕಾರ್ಡರ್ ಸಾಮಾನ್ಯವಾಗಿ ದನಿಯನ್ನು ಹಿಂಡಿ ಚಿಕ್ಕ ಫೈಲು ಮಾಡುತ್ತದೆ. ವೇವ್ ಫೈಲು ಉಳಿಸುವ ಉಚಿತ ಆ್ಯಪ್ ಹಾಕಿಕೊಂಡು 48 ಕಿಲೋಹರ್ಟ್ಸ್, ಸಾಧ್ಯವಾದರೆ 24 ಬಿಟ್, ಮೋನೋ ಇಟ್ಟುಕೊಳ್ಳಿ. ಆಗ ನಿಮಿಷಕ್ಕೆ ಸುಮಾರು 8.6 ಎಂಬಿ, ಗಂಟೆಗೆ ಅರ್ಧ ಜಿಬಿಗಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ. ಏರ್‌ಪ್ಲೇನ್ ಮೋಡ್ ಹಾಕುವುದನ್ನು ಮರೆಯಬೇಡಿ, ನಡುವೆ ಕರೆ ಬಂದರೆ ಕೆಲವು ಫೋನು ರೆಕಾರ್ಡಿಂಗನ್ನೇ ನಿಲ್ಲಿಸುತ್ತವೆ. ಮಟ್ಟ ತೋರಿಸುವ ಪಟ್ಟಿ ಜೋರು ದನಿಗೂ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಬೇಕು. ಕೆಂಪು ಮುಟ್ಟಿ ಒಡೆದ ದನಿಯನ್ನು ಆಮೇಲೆ ಯಾರೂ ಸರಿ ಮಾಡಲಾರರು. ಮೆಲ್ಲಗಿದ್ದುದನ್ನು ಏರಿಸಬಹುದು.

ಜಾಗ ಮುಖ್ಯ. ಬರೀ ಸಿಮೆಂಟಿನ ಖಾಲಿ ತರಗತಿಯಲ್ಲಿ ದನಿ ಗುಂಯ್‌ಗುಡುತ್ತದೆ. ಹಾಸಿಗೆ, ಬಟ್ಟೆ, ರಾಗಿ ಚೀಲ ತುಂಬಿದ ಹಳ್ಳಿಯ ನಡುಮನೆ ಅದಕ್ಕಿಂತ ಎಷ್ಟೋ ಮೇಲು. ಫ್ಯಾನು, ಫ್ರಿಜ್ಜು ನಿಲ್ಲಿಸಿ, ಒಲೆಯ ಕೆಲಸ ಮುಗಿದ ಹೊತ್ತು ನೋಡಿ. ನಾಲ್ವರನ್ನು ಅರ್ಧಚಂದ್ರದಂತೆ ಕೂರಿಸಿ, ಫೋನನ್ನು ಮಡಿಸಿದ ಟವೆಲ್ಲಿನ ಮೇಲೆ, ಕೂತವರ ಎದೆ ಎತ್ತರಕ್ಕೆ ಸ್ಟೂಲಿನ ಮೇಲಿಡಿ. ಎಲ್ಲರಿಗೂ ಮೂರು ಅಡಿ ದೂರ. ಮುಂದೆ ಹೇಳುವವರ ದನಿ ಜೋರಿದ್ದರೆ ಫೋನಿನ ಮಟ್ಟ ತಗ್ಗಿಸುವುದರಿಂದ ಏನೂ ಉಪಯೋಗವಿಲ್ಲ, ಅವರನ್ನು ಅರ್ಧ ಅಡಿ ಹಿಂದಕ್ಕೆ ಕೂರಿಸಬೇಕು. ಒಂದು ನಿಮಿಷ ಹಾಡಿಸಿ, ಹೆಡ್‌ಫೋನಿನಲ್ಲಿ ಕೇಳಿ, ಆಮೇಲೆ ಮುಂದುವರಿಯಿರಿ. ಮುಕ್ಕಾಲು ಗಂಟೆ ದಾಟಬೇಡಿ. ವಯಸ್ಸಾದವರ ದನಿ ಬಳಲಿದ ಮೇಲೆ ಶ್ರುತಿ ಇಳಿಯುತ್ತದೆ, ಸೊಲ್ಲು ನುಂಗಿಹೋಗುತ್ತದೆ.

‘ಅಜ್ಜಿ, ನಿಮಗೆ ಬರೋ ಪದ ಎಲ್ಲಾ ಹೇಳಿ’ ಎಂದರೆ ಎರಡು ಪದ ಬಂದು ನಿಲ್ಲುತ್ತದೆ. ಸೋಬಾನೆ ನೆನಪಿರುವುದು ಶಾಸ್ತ್ರದ ಜೊತೆ. ಮದುವೆಯ ಕ್ರಮದಲ್ಲೇ ಕೇಳುತ್ತಾ ಹೋಗಿ. ಚಪ್ಪರ ಹಾಕುವಾಗ ಏನು ಹೇಳುತ್ತಿದ್ದಿರಿ, ಅರಿಶಿನ ಕುಟ್ಟುವಾಗ, ಎಣ್ಣೆ ಹಚ್ಚುವಾಗ, ಬಳೆ ತೊಡಿಸುವಾಗ, ಹಸೆಗೆ ಕರೆಯುವಾಗ, ಬೀಗರನ್ನು ಹಂಗಿಸುವಾಗ, ಆರತಿಗೆ, ಹೆಣ್ಣೊಪ್ಪಿಸುವಾಗ. ಕೈಗೆ ಒಂದು ಆರತಿ ತಟ್ಟೆಯನ್ನೋ, ಮುಂದೆ ಒರಳನ್ನೋ ಇಟ್ಟರೆ ಇನ್ನೂ ಸಲೀಸು. ಬೀಸುವ ಪದಕ್ಕಂತೂ ಬೀಸುವ ಕಲ್ಲು ಬೇಕೇ ಬೇಕು, ಕಲ್ಲಿನ ಸುತ್ತು ಬಿಟ್ಟರೆ ಅದರ ಲಯವೇ ಬೇರೆಯಾಗುತ್ತದೆ. ತ್ರಿಪದಿಯ ಎರಡನೇ ಸಾಲನ್ನು ಮತ್ತೆ ಹಿಡಿದು ನಾಲ್ಕು ಸಾಲಿನ ಅಳತೆಗೆ ಹಾಡುವುದುಂಟು. ಮಕ್ಕಳು ಬರೆಯುವಾಗ ‘ಇದು ಮೊದಲೇ ಬಂದಿದೆ’ ಎಂದು ಅದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು.

ಎಲ್ಲರೂ ಮರೆಯುವ ಪ್ರಶ್ನೆ ಒಂದಿದೆ: ತವರು ಯಾವುದು? ಹೆಂಗಸರು ಪದ ಕಲಿಯುವುದು ಬಹುಪಾಲು ತವರಿನಲ್ಲಿ, ಅಮ್ಮ, ಅಜ್ಜಿ, ಅತ್ತಿಗೆಯರ ಜೊತೆ ಕೂತು. ನಿಮ್ಮ ನಾಲ್ವರು ಅಜ್ಜಿಯರ ತವರು ನಾಲ್ಕು ಊರಾದರೆ, ಒಂದೇ ಅರಿಶಿನದ ಶಾಸ್ತ್ರಕ್ಕೆ ನಾಲ್ಕು ಧಾಟಿ ಸಿಗಬಹುದು. ಒಬ್ಬರ ತವರು ಕಡೂರು ಕಡೆ, ಇನ್ನೊಬ್ಬರದು ಹೊಳೆನರಸೀಪುರ ಕಡೆ ಇರಬಹುದು. ಅದನ್ನು ಬರೆದುಕೊಳ್ಳದೆ ಎಲ್ಲಕ್ಕೂ ‘ನಮ್ಮೂರ ಸೋಬಾನೆ’ ಎಂದು ಚೀಟಿ ಹಚ್ಚಿದರೆ ದಾಖಲೆಯೇ ತಪ್ಪು. ಹಾಗಾಗಿ ನಾಲ್ವರನ್ನೂ ಸೇರಿಸಿ ಒಮ್ಮೆ, ಒಬ್ಬೊಬ್ಬರನ್ನೇ ಒಮ್ಮೆ ಹಾಡಿಸಿ.

ಪ್ರತಿ ಪದದ ಮೊದಲು ಒಂದು ಮಗು ತಾರೀಖು, ಊರು, ಸಂದರ್ಭ, ಮುಂದೆ ಹೇಳುವವರು, ಸೊಲ್ಲು ಹಿಡಿಯುವವರು ಇಷ್ಟನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಲಿ. ಫೈಲಿನ ಹೆಸರು ಕಳೆದುಹೋದರೂ ದನಿಯೊಳಗೆ ಗುರುತು ಉಳಿಯುತ್ತದೆ. ಒಪ್ಪಿಗೆಯೂ ಅಲ್ಲೇ, ಅವರ ದನಿಯಲ್ಲೇ ಇರಲಿ. ಎರಡು ಬೇರೆ ಬೇರೆ ಪ್ರಶ್ನೆ ಕೇಳಿ: ಶಾಲೆಯಲ್ಲಿ ಕೇಳಿಸಬಹುದೇ, ಯೂಟ್ಯೂಬಿಗೆ ಹಾಕಬಹುದೇ. ಮೊದಲನೆಯದಕ್ಕೆ ಹೂಂ ಅಂದವರು ಎರಡನೆಯದಕ್ಕೆ ಬೇಡ ಅನ್ನಬಹುದು. ಬೀಗರ ಪದದಲ್ಲಿ ಬದುಕಿರುವವರ ಹೆಸರು, ಮನೆತನ ಬರುತ್ತವೆ, ಅವನ್ನು ಹೊರಗೆ ಹಾಕಬೇಡಿ. ಸಾವಿನ ಮನೆಯ ಪದವನ್ನು ಮನೆಯೊಳಗೆ ಕೂರಿಸಿ ಹಾಡಿಸಬೇಡಿ. ಅವರಾಗಿಯೇ ಬೇರೆ ಜಾಗ ಹೇಳಿದರೆ ಅಲ್ಲಿ.

ಬರೆಯುವುದು ಹಾಡಿದ ರೆಕಾರ್ಡಿನಿಂದ. ನಿಧಾನವಾಗಿ ಹೇಳಿ ಬರೆಸಿ ಎಂದರೆ ಧಾಟಿ ತಪ್ಪಿದ ಕೂಡಲೇ ಸಾಲುಗಳೂ ಜಾರುತ್ತವೆ. ಬರೆದ ಮೇಲೆ ಅವರ ಮುಂದೆ ಓದಿ ಹೇಳಿ, ತಿದ್ದಿಸಿಕೊಳ್ಳಿ. ‘ಆಲು’ ಎಂದು ಹಾಡಿದ್ದರೆ ‘ಆಲು’ ಎಂದೇ ಬರೆಯಲಿ, ‘ಸಿವ’ ಎಂದಿದ್ದರೆ ‘ಸಿವ’. ಕನ್ನಡ ಮೇಷ್ಟ್ರ ಕೆಂಪು ಪೆನ್ನು ಇಲ್ಲಿಗೆ ಬರಕೂಡದು. ತಿಳಿಯದ ಮಾತಿಗೆ ಊಹೆಯ ಪದ ಹಾಕದೆ, ರೆಕಾರ್ಡಿನ ಎಷ್ಟನೇ ನಿಮಿಷ, ಸೆಕೆಂಡು ಎಂದು ಗುರುತಿಟ್ಟು ಖಾಲಿ ಬಿಡಿ. ಟೈಪ್ ಮಾಡುವುದಾದರೆ ಯೂನಿಕೋಡ್. ಹಳೇ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿ ಉಳಿಸಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಗೋಜಲಾಗಿ ಕಾಣುತ್ತದೆ.

ಫೈಲಿನ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಊರು, ಕ್ರಮಸಂಖ್ಯೆ ಸಾಕು. ಮಿಕ್ಕಿದ್ದು ಒಂದು ನೋಟ್‌ಬುಕ್ಕಿನಲ್ಲಿ. ಶಾಲೆಯ ಕಂಪ್ಯೂಟರು, ಒಂದು ಹಾರ್ಡ್ ಡಿಸ್ಕು, ಊರಾಚೆ ಇನ್ನೊಂದು ಕಡೆ ಒಂದು ಪ್ರತಿ, ಹೀಗೆ ಮೂರು ಇರಲಿ. ವಾಟ್ಸಾಪಿನಲ್ಲಿ ಕಳಿಸುವಾಗ ಆಡಿಯೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಸಂಗ್ರಹ ಒಂದು ಹದಕ್ಕೆ ಬಂದ ಮೇಲೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯವನ್ನೋ ರಾಮನಗರದ ಜಾನಪದ ಲೋಕವನ್ನೋ ಕೇಳಿ ನೋಡಬಹುದು. ಅದಕ್ಕೂ ಮೊದಲು ಅಜ್ಜಿಯರ ಮನೆಗೆ ಒಂದೊಂದು ಪ್ರತಿ, ಮೊಮ್ಮಕ್ಕಳ ಫೋನಿಗೆ ಹಾಕಿಕೊಟ್ಟರೂ ಆಯಿತು.

ಬಾಣಾವರ ರಸ್ತೆ

ಮೇಲಿನವರಿಬ್ಬರೂ ಹೇಳಿದ್ದು ಸರಿ, ಒಂದೆರಡು ತಕರಾರು. ಮೂರು ವಾರ ಕೋಲು ಕೊಡದೆ ಕೂರಿಸಿದ್ರೆ ಒಂಬತ್ತನೇ ಕ್ಲಾಸಿನ ಹುಡುಗರು ಓಡಿಹೋಗ್ತಾರೆ ಸ್ವಾಮಿ. ಎರಡನೇ ಪೀರಿಯಡ್ಡಿಂದಲೇ ಪ್ರತಿ ಸಲ ಕೊನೇ ಹತ್ತು ನಿಮಿಷ ಕೋಲು ಕೊಡಿ, ಕೂತು ನೆಲಕ್ಕೆ ತಟ್ಟಲಿ. ಕೋಲು ಒಣಗೋಕೆ ಒಂದು ತಿಂಗಳು ಬೇಕಲ್ಲ, ಅಲ್ಲೀತನಕ ಅದೇ ದಾಂಡಿಯಾ ಕೋಲಿನಲ್ಲಿ ಅಭ್ಯಾಸ ಮಾಡಿದ್ರೆ ಏನೂ ಮುಳುಗಲ್ಲ.

ಪ್ರತಿಭಾ ಕಾರಂಜಿಗೆ ಅಂತ ಕಲಿಸೋಕೆ ಹೋಗಬೇಡಿ ಟೀಚರ್. ಸ್ಪರ್ಧೆಯಲ್ಲಿ ಕೆಲವೇ ನಿಮಿಷ ಸಿಗೋದು. ಅದಕ್ಕೆ ಹೊಂದಿಸೋಕೆ ಪದದ ನಡುವಿನ ಸೊಲ್ಲು ಕತ್ತರಿಸ್ತಾರೆ, ವೇಗ ಏರಿಸ್ತಾರೆ, ಕೊನೆಗೆ ಒಂದು ಪಿರಮಿಡ್ಡು ಕಟ್ಟಿ ಇಳೀತಾರೆ. ಮಕ್ಕಳು ಆ ತುಂಡನ್ನೇ ಕೋಲಾಟ ಅಂತ ಕಲೀತಾರೆ. ಪೂರ್ತಿ ಪದ ಒಂದು ಸಲ ಊರ ದೇವಸ್ಥಾನದ ಮುಂದೆ ಆಡಿಸಿ. ಆಮೇಲೆ ಸ್ಪರ್ಧೆಗೆ ಮೊಟಕು ಮಾಡ್ಕೊಂಡ್ರೆ, ಏನು ಬಿಟ್ಟಿದ್ದೀವಿ ಅನ್ನೋದಾದ್ರೂ ಅವರಿಗೆ ಗೊತ್ತಿರುತ್ತೆ.

ಹಿರಿಯರಿಬ್ಬರಿಗೆ ಶಾಲೆಯಿಂದ ಗೌರವಧನ ಇಂತಿಷ್ಟು ಅಂತ ಮೊದಲೇ ಮಾತಾಡಿ. ಎಸ್‌ಡಿಎಂಸಿ (ಶಾಲೆಯ ಉಸ್ತುವಾರಿ ಸಮಿತಿ) ಸಭೆಯಲ್ಲಿ ಬರೆಸಿದ್ರೆ ಆಮೇಲೆ ಗೊಂದಲ ಇರಲ್ಲ. ಶಾಲು ಹಾರದಿಂದ ಬಸ್ ಚಾರ್ಜು ಹುಟ್ಟಲ್ಲ.

ಕೊಪ್ಪದ ದೀಪ

ನಮ್ಮ ಮಲೆನಾಡಿನ ಕಡೆಯದೊಂದು ವಿಷಯ ನಿಮ್ಮ ಸೋಬಾನೆಗೆ ಉಪಯೋಗಕ್ಕೆ ಬಂದೀತು. ಕೊಪ್ಪ, ಶೃಂಗೇರಿ ಸುತ್ತ ದೀಪಾವಳಿಯಲ್ಲಿ ಅಂಟಿಗೆ-ಪಂಟಿಗೆಯವರು ರಾತ್ರಿ ಮನೆಮನೆಗೆ ದೀಪ ಒಯ್ದು ಪದ ಹೇಳುತ್ತಾರಲ್ಲ, ಅಲ್ಲಿ ಹಾಡುವುದು ಜೋಡಿಯಲ್ಲಿ. ಇಬ್ಬರು ಮುಂದೆ ಹೇಳಿದರೆ ಇನ್ನಿಬ್ಬರು ಅದನ್ನೇ ಹಿಡಿದು ಹೇಳುವುದು. ಹಿಂದಿನ ಜೋಡಿ ಸಾಲು ಮುಗಿಯುವ ತನಕ ಕಾಯುವುದಿಲ್ಲ, ಕೊನೆಯ ಅಕ್ಷರ ಎಳೆಯುತ್ತಿರುವಾಗಲೇ ಹಿಡಿಯುತ್ತಾರೆ. ಹಾಗಾಗಿ ದನಿ ಕಡಿಯುವುದೇ ಇಲ್ಲ, ಮುಂದಿನವರಿಗೆ ಉಸಿರಿಗೂ ನೆನಪಿಗೂ ಸಮಯ ಸಿಗುತ್ತದೆ.

ಮಕ್ಕಳನ್ನು ಕಲಿಕೆಗೆ ಇಳಿಸಬೇಕಾದ್ದು ಈ ಹಿಂದಿನ ಜೋಡಿಯಲ್ಲಿ. ನೂರು ಸಾಲಿನ ಪದ ಬಾಯಿಪಾಠ ಬರಬೇಕೆಂದಿಲ್ಲ, ಕಿವಿಗೆ ಬಿದ್ದದ್ದನ್ನು ತಕ್ಷಣ ತಿರುಗಿ ಹೇಳಿದರೆ ಸಾಕು. ಕೆಲವು ಸಲ ಹೇಳುವಷ್ಟರಲ್ಲಿ ಮುಂದಿನ ಸಾಲು ಯಾವುದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ. ನಿಮ್ಮ ನಾಲ್ವರು ಅಜ್ಜಿಯರ ಹಿಂದೆ ಇಬ್ಬಿಬ್ಬರು ಹುಡುಗಿಯರನ್ನು ಹೀಗೇ ಕೂರಿಸಿ. ಆದರೆ ದಾಖಲೆಗೆ ಅಜ್ಜಿಯರನ್ನಷ್ಟೇ ಹಾಡಿಸಿಕೊಂಡ ಮೇಲೆ. ಇಲ್ಲದಿದ್ದರೆ ಎಳೆ ದನಿಗಳು ಮೇಲೇರಿ ಅವರ ಧಾಟಿ ಮುಚ್ಚಿಹೋಗುತ್ತದೆ.

ಶ್ರುತಿಯನ್ನು ಅಜ್ಜಿಯರೇ ಹಿಡಿಯಲಿ. ಮಕ್ಕಳಿಗೆ ಅನುಕೂಲ ಅಂತ ಹಾರ್ಮೋನಿಯಂ ತಂದಿಟ್ಟರೆ ಆ ಪದಗಳ ನಡುನಡುವಿನ ಸ್ವರಗಳು ಹಾರ್ಮೋನಿಯಂ ಮನೆಗಳ (ಕೀಲಿಗಳ) ಸ್ವರಕ್ಕೆ ಹೊಂದಿಕೊಂಡು ಸಪಾಟಾಗುತ್ತವೆ.

ಅರಸೀಕೆರೆ ಟೀಚರ್

ತುಂಬಾ ಉಪಕಾರ ಆಯ್ತು. ತವರಿನ ವಿಷಯ ಯಾರೂ ಹೇಳಿರಲಿಲ್ಲ, ಅದಕ್ಕೆ ನೋಟ್‌ಬುಕ್ಕಲ್ಲಿ ಬೇರೆ ಕಾಲಂ ಹಾಕಿಸ್ತೀನಿ. ಜಡೆ ಕೋಲಾಟ ಈ ವರ್ಷ ಬೇಡ ಅಂದ್ರಲ್ಲ, ಒಪ್ಪಿದೆ. ಆದರೆ ಮಕ್ಕಳು ಅದನ್ನೇ ಕೇಳ್ತಿದ್ದಾರೆ. ಮುಂದಿನ ವರ್ಷಕ್ಕಾದ್ರೂ ಹಗ್ಗ ಎಷ್ಟುದ್ದ, ಎಷ್ಟು ಜನ, ಗಂಟು ಬಿದ್ರೆ ಏನು ಮಾಡೋದು ತಿಳಿಸಿದ್ರೆ ತಯಾರಿ ಮಾಡ್ಕೋತೀನಿ.

ಕೋಲು ಜೋಡಿ

ಬಾಣಾವರ ರಸ್ತೆಯವರೇ, ಕೊನೇ ಹತ್ತು ನಿಮಿಷದ್ದು ಒಪ್ಪಿದೆ. ನೆಲಕ್ಕೆ ತಟ್ಟಲಿ, ಎದುರಿನವರಿಗೆ ಬೇಡ.

ಟೀಚರ್, ಜಡೆಗೆ ಮೊದಲು ಎಂಟು ಮಕ್ಕಳು ಸಾಕು. ಸರಿಸಂಖ್ಯೆ ಇರಲೇಬೇಕು, ಅರ್ಧ ಜನ ಬಲಕ್ಕೆ ಅರ್ಧ ಜನ ಎಡಕ್ಕೆ ಹೋಗೋದು. ಮೇಲೆ ಹತ್ತು ಅಡಿ ಎತ್ತರದಲ್ಲಿ ಒಂದು ಕಬ್ಬಿಣದ ಬಳೆ ತೂಗುಹಾಕಬೇಕು, ಮರದ ಗಟ್ಟಿ ಕೊಂಬೆಗಾದ್ರೂ ಆಯ್ತು, ಮಂಟಪದ ಕೊಂಡಿಗಾದ್ರೂ ಆಯ್ತು. ಬಳೆ ಗಿರಗಿರ ತಿರುಗಬಾರದು. ಒಂದೇ ಹಗ್ಗದಲ್ಲಿ ನೇತಾಕಿದ್ರೆ ತಿರುಗಿ ಹೆಣಿಗೆ ಮುರುಟುತ್ತೆ, ಮೂರು ಕಡೆ ಬಿಗಿದು ಕಟ್ಟಿ. ಮಗು ನಡುವಿನಿಂದ ಐದಡಿ ದೂರ ನಿಂತರೆ ಬಳೆಯಿಂದ ಕೈಗೆ ಓರೆಯಲ್ಲಿ ಎಂಟು ಎಂಟೂವರೆ ಅಡಿ ಬರುತ್ತೆ. ಹೆಣೆದಂಗೆಲ್ಲ ಹಗ್ಗ ಗಿಡ್ಡ ಆಗುತ್ತಾ ಬರೋದ್ರಿಂದ 12ರಿಂದ 13 ಅಡಿ ಇಟ್ಕೊಳ್ಳಿ, ಹೆಚ್ಚಿದ್ದನ್ನ ಕೈಗೆ ಸುತ್ತಿಕೊಂಡು ಬಿಡ್ತಾ ಹೋಗಲಿ. ಬಲಕ್ಕೆ ಹೋಗೋರಿಗೆ ಒಂದು ಬಣ್ಣ, ಎಡಕ್ಕೆ ಹೋಗೋರಿಗೆ ಇನ್ನೊಂದು ಬಣ್ಣ. ಎಡಗೈಲಿ ಹಗ್ಗ, ಬಲಗೈಲಿ ಒಂದೇ ಕೋಲು. ಎದುರು ಸಿಕ್ಕವರ ಕೋಲಿಗೆ ಒಂದು ಪೆಟ್ಟು ಹಾಕಿ ದಾಟೋದು.

ದಾಟೋ ಕ್ರಮ ಇಷ್ಟೇ. ಬಲಕ್ಕೆ ಹೋಗೋರು ಮೊದಲು ಸಿಕ್ಕವರನ್ನ ಹೊರಗಿಂದ ದಾಟಲಿ, ಮುಂದಿನವರನ್ನ ಒಳಗಿಂದ, ಆಮೇಲೆ ಹೊರಗೆ, ಹಾಗೇ ಅದಲು ಬದಲು. ಎಡಕ್ಕೆ ಹೋಗೋರದು ಇದರ ತಿರುವುಮುರುವು. ಹೊರಗಿಂದ ಹೋಗೋರು ಹಗ್ಗ ಎತ್ತಬೇಕು, ಒಳಗಿಂದ ಹೋಗೋರು ಅದರ ಕೆಳಗೆ ತಲೆ ತಗ್ಗಿಸಿ ನುಸುಳಬೇಕು. ಎಂಟು ಮಕ್ಕಳಿದ್ರೆ ಒಂದು ಪೂರ್ತಿ ಸುತ್ತಿಗೆ ಪ್ರತಿಯೊಬ್ಬರೂ ಎಂಟು ಸಲ ದಾಟ್ತಾರೆ. ದಾಟಿಗೆ ನಾಲ್ಕು ಪೆಟ್ಟಿನ ಅಳತೆ ಇಟ್ರೆ ಸುತ್ತಿಗೆ 32. ನಿಮ್ಮ ನಿಧಾನದ ಪದದ ಎಷ್ಟು ಸೊಲ್ಲು ಅದಕ್ಕೆ ಕೂರುತ್ತೆ ಅಂತ ಹಿರಿಯರ ಹತ್ರ ಕೂತು ಮೊದಲೇ ಲೆಕ್ಕ ಹಾಕಿ.

ಹೆಣೆಯೋದು ಸುಲಭ, ಬಿಚ್ಚೋದು ಕಷ್ಟ. ಎಲ್ಲರೂ ಒಂದು ದಾಟು ಪೂರ್ತಿ ಮುಗಿಸಿ ನಿಲ್ಲಬೇಕು, ಅರ್ಧದಲ್ಲಿ ತಿರುಗಿದ್ರೆ ಕೆಟ್ಟಿತು. ತಿರುಗಿದ ಮೇಲೆ ಕೊನೆಗೆ ಯಾರನ್ನ ದಾಟಿದ್ರೋ ಅವರೇ ಮೊದಲು ಸಿಕ್ತಾರೆ, ಆಗ ಹೊರಗಿಂದ ಹೋಗಿದ್ದೋರು ಈಗಲೂ ಹೊರಗಿಂದಲೇ. ಮಕ್ಕಳು ‘ಈಗ ಎಲ್ಲಾ ಉಲ್ಟಾ’ ಅಂದ್ಕೊಂಡು ಒಳಗೆ ನುಗ್ತಾರೆ, ಅಲ್ಲೇ ಗಂಟು. ಗಂಟು ಕಂಡ ಕೂಡಲೇ ಪದ ನಿಲ್ಲಿಸಿ, ಯಾರೂ ಎಳೀದಂಗೆ ಹಗ್ಗ ಸಡಿಲ ಬಿಡಿಸಿ. ಜಡೆಯಲ್ಲಿ ಒಂದೇ ಬಣ್ಣ ಎರಡು ಸಲ ಮೇಲೆ ಬಂದಿರೋ ಜಾಗ ಹುಡುಕಿ, ಅದು ಯಾರ ಹಗ್ಗ ಅಂತ ನೋಡಿ, ಆ ಒಬ್ಬರನ್ನ ಮಾತ್ರ ವಾಪಸ್ ದಾಟಿಸಿ. ಎಂಟೂ ಜನ ಹಿಂದೆ ಬರೋಕೆ ಹೋದ್ರೆ ಇನ್ನೆರಡು ಗಂಟು ಬೀಳುತ್ತೆ.

ನೈಲಾನ್ ಹಗ್ಗ ತರಬೇಡಿ. ಜಾರುತ್ತೆ, ಹೆಣಿಗೆ ಕೂರಲ್ಲ, ಅಂಗೈ ಸುಡುತ್ತೆ. ಹಳೇ ಕಾಟನ್ ಸೀರೆಯನ್ನ ಉದ್ದಕ್ಕೆ ಎರಡು ಇಂಚಿನ ಪಟ್ಟಿ ಹರಿದ್ರೆ ಒಂದೇ ಸೀರೇಲಿ ಒಂದು ಬಣ್ಣದ ನಾಲ್ಕೂ ಹಗ್ಗ ಬರುತ್ತೆ, ಸೀರೆ ಉದ್ದ ಐದೂವರೆ ಮೀಟರ್ ಇರೋದ್ರಿಂದ ಜೋಡಿಸಿ ಗಂಟು ಹಾಕೋ ಕೆಲಸವೇ ಇಲ್ಲ. ಅಂಚಿನ ಜರಿ ತೆಗೆದುಬಿಡಿ, ಹೆಣಿಗೆ ಬಿಚ್ಚುವಾಗ ಸಿಕ್ಕಿಹಾಕಿಕೊಳ್ಳುತ್ತೆ.